ಕೋಟೆಯ ವೇಷದ ಜೂಜುಗೃಹ

ಅಮೆರಿಕೆಯ ಲಾಸ್ ವೇಗಾಸಿನಲ್ಲಿ 1990ರಲ್ಲಿ ತೆರೆದ ಎಕ್ಸ್‌ಕ್ಯಾಲಿಬರ್ ಹೋಟೆಲು ಯುರೋಪಿನ ಮಧ್ಯಯುಗದ ಕೋಟೆಯಂತಿದೆ. ಸಂಸಾರಸಮೇತ ತಂಗುವವರಿಗೆ ಊಟದೊಡನೆ ಅಶ್ವಾರೋಹಿಗಳ ಕಾಳಗದ ಪ್ರದರ್ಶನವುಂಟು. ಜೂಜು ಮಾತ್ರ ಇಪ್ಪತ್ತೊಂದು ತುಂಬಿದವರಿಗೆ. ಮಧ್ಯಯುಗದ ಜೂಜುಗೃಹವು ಹೀಗಿದ್ದಿತೆ?

ಗಳಗನಾಥದ ಗಳಗೇಶ್ವರ ದೇವಾಲಯವನ್ನು ನಮಗಿತ್ತ ಕಲ್ಯಾಣ ಚಾಲುಕ್ಯರ ಕಾಲದಲ್ಲಿಯೇ ಇದಕ್ಕೆ ಉತ್ತರವಿದೆ. ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯು ಜೂಜಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದೆ. ಜೂಜುಗೃಹವನ್ನು ನಡೆಸುವವನು ‘ಸಭಿಕ’. ಪಣದಲ್ಲಿ ನೂರು ಅಥವಾ ಹೆಚ್ಚು ಗೆದ್ದವನಿಂದ ನೂರಕ್ಕೆ 5ರಂತೆ, ಇತರರಿಂದ 10ರಂತೆ ಪಡೆದು, ಅರಸನಿಗೆ ಪಾಲನ್ನು ಒಪ್ಪಿಸತಕ್ಕದ್ದು. ಇದು ವಿಧಿಯೇ ಹೊರತು ಆಚರಣೆಯ ವರದಿಯಲ್ಲ. ಆದರೂ ಹೋಟೆಲಿನ ಗೋಪುರಗಳಿಗಿಂತ ಈ ಲೆಕ್ಕವೇ ಮಧ್ಯಯುಗಕ್ಕೆ ಹತ್ತಿರವೆಂದು ನಾವು ಬಗೆಯುತ್ತೇವೆ. ಜೂಜು ಒಬ್ಬನ ಮೇಲ್ವಿಚಾರಣೆಯಲ್ಲಿಯೇ ನಡೆಯಬೇಕೆಂಬುದಕ್ಕೆ ಸ್ಮೃತಿಯು ಕೊಡುವ ಕಾರಣ: ಕಳ್ಳರ ಪತ್ತೆ.