ಮನಶ್ಶಾಸ್ತ್ರವು ಮನಸ್ಸನ್ನು ಓದುವ ವಿದ್ಯೆಯೇ?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಿಂದ ಮೈಸೂರಿಗೆ ಹೋಗಿ ಮನಶ್ಶಾಸ್ತ್ರವನ್ನು ವ್ಯಾಸಂಗಮಾಡುವ ಮಕ್ಕಳಿಗೆ ಊರಿನಲ್ಲಿ ಎದುರಾಗುವ ಪ್ರಶ್ನೆ ಒಂದೇ: "ಎಲ್ಲಿ, ನಮ್ಮ ಮನಸ್ಸಿನಲ್ಲೇನಿದೆ ಹೇಳು ನೋಡೋಣ?" ನಗೆಯ ಮಾತೇನೋ ಸರಿ; ಆದರೆ ಆ ಮಕ್ಕಳಲ್ಲಿ ಅನೇಕರು ತಾವೂ ಇದೇ ಆಸೆಯಿಂದ ತರಗತಿಯನ್ನು ಸೇರಿದವರೆಂಬುದನ್ನು ನಾವು ಬಲ್ಲೆವು. ಮನುಷ್ಯನು ಮಿದುಳಿನ ಹತ್ತರಲ್ಲೊಂದು ಪಾಲನ್ನು ಮಾತ್ರ ಬಳಸುವನೆಂದೂ, ಕಂಡದ್ದೆಲ್ಲ ನೆನಪಿನಲ್ಲಿ ಇದ್ದಂತೆಯೇ ಅಚ್ಚೊತ್ತಿರುವುದೆಂದೂ ಅವರು ನಂಬಿ ಬರುತ್ತಾರೆ. ಮೊದಲನೆಯದು ಶುದ್ಧ ಸುಳ್ಳು. ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2ರಷ್ಟಿರುವ ಮಿದುಳು ವಿಶ್ರಾಂತಿಯಲ್ಲಿಯೂ ದೇಹಶಕ್ತಿಯ ನೂರಕ್ಕೆ ಸುಮಾರು 20ರಷ್ಟನ್ನು ವ್ಯಯಿಸುತ್ತದೆ. ದುಡಿಯದ ಒಂಬತ್ತು ಪಾಲನ್ನು ಸಾಕಲು ಪ್ರಕೃತಿದೇವಿಯು ಅಷ್ಟು ದುಂದುಗಾರ್ತಿಯಲ್ಲ. ಎರಡನೆಯದಕ್ಕೆ ನಮ್ಮ ಕತೆಯನ್ನೇ ಹೇಳಬೇಕಾಗಿದೆ.

ಹೆಗ್ಗಡದೇವನಕೋಟೆಯ ಕಡೆಯ ಬೇಸಾಯಗಾರರ ಮಗಳು, ನಮ್ಮ ಹಳೆಯ ಶಿಷ್ಯೆ, ಈಗ ತಾನೇ ಮನಶ್ಶಾಸ್ತ್ರದ ಅಧ್ಯಾಪಕಿ. ಕಳೆದ ದೀಪಾವಳಿಗೆ ಬಂದಿದ್ದಾಗ, "ನಿನ್ನನ್ನು ಈ ವಿದ್ಯೆಗೆ ಹುರಿದುಂಬಿಸಿದವರು ನಾವೇ ಅಲ್ಲವೆ?" ಎಂದೆವು. ಅವಳು ಮೆಲ್ಲನೆ, "ಇಲ್ಲ ಮೇಷ್ಟ್ರೇ, ಬೇಡವೆಂದಿರಿ" ಎಂದಳು. ನಾವು ಒಪ್ಪಲಿಲ್ಲ. ಅವಳನ್ನು ಹರಸಿದ ಜಗುಲಿ, ಅಂದು ಸುರಿಯುತ್ತಿದ್ದ ಮಳೆ ಕೂಡ ನಮಗೆ ಕಣ್ಣಿಗೆ ಕಟ್ಟಿದಂತಿದ್ದಿತು. ಮರುವಾರ ಅವಳು ತನ್ನ ತಂದೆಯವರು ಜೋಪಾನವಾಗಿಟ್ಟಿದ್ದ ಕಾಗದವೊಂದನ್ನು ತಂದು ಮುಂದಿಟ್ಟಳು. ಕೈಬರಹ ನಮ್ಮದೇ. "ಇದು ಹುಚ್ಚರ ವಿಚಾರ, ಪ್ರಯೋಗವಿಲ್ಲದ್ದು ವಿಜ್ಞಾನ ಹೇಗಾದೀತು?" ಎಂದಿದ್ದಿತು. ಆ ಕಾಗದದಿಂದ ಹುಡುಗಿಗೆ ಒಂದು ವರ್ಷ ನಷ್ಟವಾಗಿದ್ದಿತು.

ಪ್ರಯೋಗವಿಲ್ಲವಂತೆ! ಲೈಪ್‌ಜಿಗ್ ನಗರದಲ್ಲಿ ವುಂಟ್ ಎಂಬ ಪಂಡಿತನು 1879ರಲ್ಲಿಯೇ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ತೆರೆದಿದ್ದನು. ಅಷ್ಟು ದೂರವೇಕೆ? ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೇ 1924ರಲ್ಲಿ ಈ ವಿಭಾಗವು ಆರಂಭವಾಯಿತು. ಅದನ್ನು ಬೆಳೆಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಬಿತ್ತರಿಸಿದುದನ್ನು ಊರೆಲ್ಲ ಸ್ಮರಿಸುತ್ತದೆ. ಅವರ ಪ್ರಯೋಗಶಾಲೆಯನ್ನು ಸ್ಮರಿಸುವವರು ವಿರಳ. ಎರಡು ಜ್ಞಾನಗಳು ಏಕಕಾಲದಲ್ಲಿ ಹುಟ್ಟದಿರುವುದೇ ಮನಸ್ಸೆಂಬುದೊಂದು ಇದೆಯೆಂಬುದಕ್ಕೆ ಗುರುತೆಂದು ನ್ಯಾಯಶಾಸ್ತ್ರದಲ್ಲಿ ನಾವು ಓದಿದ್ದೆವು. ಅದನ್ನು ಗಡಿಯಾರ ಹಿಡಿದು ಪರೀಕ್ಷಿಸಬಹುದೆಂಬುದು ಮಾತ್ರ ಹೊಳೆದಿರಲಿಲ್ಲ.

ನಮ್ಮ ಮುಖ ಬಾಡಿದುದನ್ನು ಕಂಡು ಅವಳೇ ಸಮಾಧಾನ ಹೇಳಿದಳು. ಇಂಗ್ಲೆಂಡಿನ ಬಾರ್ಟ್ಲೆಟ್ ಎಂಬ ವಿದ್ವಾಂಸರು ಪರದೇಶದ ಕತೆಯೊಂದನ್ನು ಕೆಲವರಿಗೆ ಓದಿಸಿ, ದಿನಗಳು ಕಳೆದಂತೆ ಅದನ್ನೇ ಮತ್ತೆ ಮತ್ತೆ ನೆನೆದು ಬರೆಯಿಸಿದಾಗ, ಅವರು ತಮಗೆ ಒಗ್ಗುವಂತೆ ಕತೆಯನ್ನೇ ತಿದ್ದಿಕೊಂಡಿದ್ದರಂತೆ. 1932ರ ಗ್ರಂಥದಲ್ಲಿ ಇದು ವಿವರವಾಗಿದೆ. "ನೀವು ಸುಳ್ಳಾಡಲಿಲ್ಲ ಮೇಷ್ಟ್ರೇ. ಅದಕ್ಕಾಗಿಯೇ ನಾವು ಯಾರ ನೆನಪನ್ನೂ, ನಮ್ಮದನ್ನೂ, ಪರೀಕ್ಷಿಸದೆ ನಂಬುವುದಿಲ್ಲ" ಎಂದಳು.

ಕಾಗದವನ್ನು ಬಿಟ್ಟುಹೋಗೆಂದು ಕೇಳಿಕೊಂಡೆವು. ಕೊಡಲಿಲ್ಲ. ಪ್ರತಿವರ್ಷವೂ ಹೊಸ ತರಗತಿಗೆ ಮೊದಲ ದಿನವೇ ಅದನ್ನು ಓದಿ ತೋರಿಸಬೇಕಂತೆ. ಸಹಿಯನ್ನು ಮುಚ್ಚುವುದಾಗಿ ಮಾತು ಕೊಟ್ಟಿದ್ದಾಳೆ.