ಹತ್ತಿಯ ದುಡ್ಡಿನ ಊರು ನ್ಯಾಚೆಜ್

ಅಮೆರಿಕದ ಮಿಸಿಸಿಪಿ ರಾಜ್ಯದ ನೈಋತ್ಯ ಅಂಚಿನಲ್ಲಿ, ಮಿಸಿಸಿಪಿ ನದಿಯ ಎತ್ತರದ ದಂಡೆಯ ಮೇಲಿದೆ ನ್ಯಾಚೆಜ್. 1716ರಲ್ಲಿ ಫ್ರೆಂಚರು ಕೋಟೆ ಕಟ್ಟಿದ ಜಾಗ. ಇಂದಿನ ಜನಸಂಖ್ಯೆ ಹದಿನೈದು ಸಾವಿರವನ್ನೂ ಮುಟ್ಟುವುದಿಲ್ಲ. ಆದರೂ ಹತ್ತಿಯ ಕುಳಗಳು ಅಂತರ್ಯುದ್ಧಕ್ಕೆ ಮುಂಚೆ ಕಟ್ಟಿಸಿದ ಬಂಗಲೆಗಳು ಇಷ್ಟೊಂದು ಉಳಿದಿರುವ ಊರು ಅಲ್ಲಿನ ದಕ್ಷಿಣ ರಾಜ್ಯಗಳಲ್ಲಿ ಅಪರೂಪ. ಯುದ್ಧದಲ್ಲಿ ಊರು ಹೆಚ್ಚು ಕಾದಾಡದೆ ಶರಣಾಯಿತು, ಮನೆಗಳು ಬದುಕಿಕೊಂಡವು.

ಇವುಗಳಲ್ಲಿ ವಿಚಿತ್ರವಾದದ್ದು ಲಾಂಗ್‌ವುಡ್. ಹಾಲರ್ ನಟ್ ಎಂಬ ಜಮೀನ್ದಾರನಿಗಾಗಿ ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಸ್ಲೋನ್ ನಕ್ಷೆ ಬರೆದ: ಎಂಟು ಮೂಲೆ, 32 ಕೋಣೆ, ನೆತ್ತಿಯ ಮೇಲೆ ಈರುಳ್ಳಿಯಾಕಾರದ ಗುಮ್ಮಟ. 1860ರಲ್ಲಿ ಕೆಲಸ ಶುರುವಾಯಿತು. ಮರುವರ್ಷ ಯುದ್ಧ ಹತ್ತಿಕೊಂಡಿತು. ಉತ್ತರದಿಂದ ಬಂದಿದ್ದ ಕುಶಲಕರ್ಮಿಗಳು ಕೆಲಸ ಬಿಟ್ಟು ಊರಿಗೆ ಮರಳಿದರು. ನೆಲಮಾಳಿಗೆಯ 9 ಕೋಣೆಗಳನ್ನು ಗುಲಾಮರ ಕೈಯಲ್ಲಿ ಹೇಗೋ ಮುಗಿಸಲಾಯಿತು. 1864ರಲ್ಲಿ ನಟ್ ತೀರಿಕೊಂಡ, ಸಂಸಾರ ನೆಲಮಾಳಿಗೆಯಲ್ಲೇ ಉಳಿಯಿತು. ಮೇಲಿನ ಅಂತಸ್ತುಗಳಲ್ಲಿ ಇಂದಿಗೂ ಗಿಲಾವು ಕಾಣದ ಇಟ್ಟಿಗೆ, ಬರಿಯ ತೊಲೆಗಳು. ಅಂದಹಾಗೆ, ಇದೇ ಯುದ್ಧ ಅಮೆರಿಕದ ಹತ್ತಿಯನ್ನು ತಡೆದಾಗ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು.

ಮೆಲ್‌ರೋಸ್ ಬಂಗಲೆ ಪೂರ್ತಿಗೊಂಡ ಮನೆ. ಈಗ ರಾಷ್ಟ್ರೀಯ ಉದ್ಯಾನ ಇಲಾಖೆಯದು. ಅದರ ಊಟದ ಕೋಣೆಯಲ್ಲಿ ಮೇಜಿನ ಮೇಲೆ ಮಹಾಗನಿ ಮರದ ದೊಡ್ಡ ಪಂಕಾ ತೂಗುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ಕಚೇರಿ, ಬಂಗಲೆಗಳಲ್ಲಿ ಹಗ್ಗ ಎಳೆದು ಬೀಸುತ್ತಿದ್ದರಲ್ಲ, ಅದೇ ಜಾತಿಯದು. ಇಲ್ಲಿ ಹಗ್ಗ ಎಳೆಯುತ್ತಿದ್ದುದು ಗುಲಾಮರ ಮಗು. ಊಟ ಮುಗಿಯುವವರೆಗೆ ಆ ಮಗು ಕೈ ಬಿಡುವಂತಿರಲಿಲ್ಲ.

ನನ್ನ ಮಟ್ಟಿಗೆ ಊರಿನ ಅಮೂಲ್ಯ ಮನೆ ಇವೆರಡೂ ಅಲ್ಲ. ಸ್ಟೇಟ್ ಸ್ಟ್ರೀಟಿನ ಸಾದಾ ಇಟ್ಟಿಗೆ ಮನೆ, ವಿಲಿಯಂ ಜಾನ್ಸನ್‌ನದು. ಗುಲಾಮನಾಗಿ ಹುಟ್ಟಿ 1820ರಲ್ಲಿ, ಹುಡುಗನಾಗಿದ್ದಾಗಲೇ, ಬಿಡುಗಡೆ ಪಡೆದ ಈತ ಮುಂದೆ ಊರಿನ ಹೆಸರಾಂತ ಕ್ಷೌರಿಕನಾದ. 1835ರಿಂದ 1851ರವರೆಗೆ ದಿನಚರಿ ಬರೆದ: ಅಂಗಡಿಯ ಲೆಕ್ಕ, ಕುದುರೆ ಜೂಜು, ಬೀದಿ ಜಗಳ, ಎಲ್ಲವೂ. ಸ್ವತಃ ಗುಲಾಮರನ್ನೂ ಇಟ್ಟುಕೊಂಡಿದ್ದ; ಆತನನ್ನು ಬರೀ ಸಂತನನ್ನಾಗಿ ಮಾಡಿ ಕೂರಿಸುವುದು ಸಾಧ್ಯವಿಲ್ಲ. 1851ರಲ್ಲಿ ಜಮೀನಿನ ಗಡಿ ತಗಾದೆಯಲ್ಲಿ ಗುಂಡೇಟಿಗೆ ಸತ್ತ. ಕಂಡ ಸಾಕ್ಷಿಗಳು ಕಪ್ಪುಜನ. ಬಿಳಿಯನೆನಿಸಿಕೊಂಡವನ ಎದುರು ಅವರ ಮಾತು ನ್ಯಾಯಾಲಯದಲ್ಲಿ ನಡೆಯುವಂತಿರಲಿಲ್ಲ. ಆರೋಪಿ ಪಾರಾದ. ದಿನಚರಿ ಪುಸ್ತಕವಾಗಿ ಬಂದದ್ದು ಸರಿಯಾಗಿ ನೂರು ವರ್ಷದ ಮೇಲೆ, 1951ರಲ್ಲಿ.

1931ರಲ್ಲಿ ಉದ್ಯಾನ ಕ್ಲಬ್ಬಿನ ಹೆಂಗಸರು ಅತಿಥಿಗಳನ್ನು ಕರೆದಿದ್ದಾಗ ಅಕಾಲದ ಹಿಮಕ್ಕೆ ಹೂದೋಟಗಳು ಬಾಡಿಹೋದವು. ತೋಟದ ಬದಲು ಮನೆ ತೋರಿಸಿದರು. ಮರುವರ್ಷದಿಂದ ಅದೇ ವಸಂತದ 'ಪಿಲ್ಗ್ರಿಮೇಜ್' ಆಯಿತು. ದಶಕಗಳ ಕಾಲ ಉಬ್ಬಿದ ಲಂಗದ ಗೃಹಿಣಿಯರು ಬೆಳ್ಳಿ ಪಾತ್ರೆ, ಪರದೆಗಳ ಕಥೆಯನ್ನಷ್ಟೇ ಹೇಳಿದರು. ಊರಾಚೆಯ ಫೋರ್ಕ್ಸ್ ಆಫ್ ದಿ ರೋಡ್‌ನಲ್ಲಿ ದಕ್ಷಿಣದ ಬಹುದೊಡ್ಡ ಗುಲಾಮರ ಸಂತೆಗಳಲ್ಲೊಂದು 1863ರವರೆಗೆ ನಡೆದಿತ್ತೆಂಬುದು ಆ ಕಥೆಯೊಳಗೆ ಬರಲು ಬಹಳ ಕಾಲ ಹಿಡಿಯಿತು. ಆ ಜಾಗ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದೇ 2021ರಲ್ಲಿ.

ಜಾಕ್ಸನ್ ನಗರದಿಂದ ಕಾರಿನಲ್ಲಿ ಸುಮಾರು 160 ಕಿ.ಮೀ. ಮಾರ್ಚ್, ಏಪ್ರಿಲ್ ಒಳ್ಳೆಯ ಕಾಲ. ಹೋದವರು ಮೊದಲು ಆ ಸಂತೆಯ ಬಯಲನ್ನು ನೋಡಿ, ಬಂಗಲೆಗಳಿಗೆ ಆಮೇಲೆ ಟಿಕೆಟ್ ಕೊಳ್ಳಿ.