ಮರೆವಿನವರ ಮಾತು ನಾವಾಗಬೇಕು

ಟಿಪ್ಪು ಸುಲ್ತಾನನ ಆನೆಯೊಂದರ ಕಣ್ಣುಬೇನೆ ವಾಸಿಯಾದುದರಿಂದ ನಂಜನಗೂಡಿನ ಸ್ವಾಮಿಗೆ ‘ಹಕೀಮ ನಂಜುಂಡ’ನೆಂಬ ಹೆಸರು ಬಂದಿತೆಂದು ಪ್ರತೀತಿ. ಬಾಯಿಲ್ಲದ ಪ್ರಾಣಿಯ ನೋವನ್ನು ಮೊದಲು ಯಾರೋ ಗುರುತಿಸಿದ್ದರು. ಅನಂತರವಷ್ಟೇ ಅದಕ್ಕೆ ಮದ್ದು ದೊರೆತದ್ದು. ತಮ್ಮ ನೋವನ್ನು ತಾವೇ ಹೇಳಿಕೊಳ್ಳಲಾರದ ಹಿರಿಯರು ನಮ್ಮ ಮನೆಗಳಲ್ಲಿಯೂ ಇದ್ದಾರೆ.

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಆದರೆ ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ಮರೆವು ವಯೋಧರ್ಮವಲ್ಲ, ಮಿದುಳಿನ ರೋಗ. ಅರವತ್ತು ದಾಟಿದ ಭಾರತೀಯರಲ್ಲಿ ಸುಮಾರು 88 ಲಕ್ಷ ಮಂದಿಗೆ ಈ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಅಂದಾಜು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೇ ಇದರ ಪ್ರಮಾಣ ಹೆಚ್ಚು.

ಮರೆವು ತಿಂಗಳು, ವರ್ಷಗಳ ಅವಧಿಯಲ್ಲಿ ಮೆಲ್ಲಮೆಲ್ಲಗೆ ಬಲಿಯುವಂಥದು. ನಿನ್ನೆ ಮೊಮ್ಮಗನ ಗುರುತು ಹಿಡಿದ ಅಜ್ಜಿ ಇಂದು ಹಿಡಿಯದಿದ್ದರೆ, ಇಲ್ಲದ ವಸ್ತುಗಳನ್ನು ಕಂಡು ಬೆದರಿದರೆ, ಅಥವಾ ಹಗಲೆಲ್ಲ ಮಂಕಾಗಿ ಮಲಗಿಯೇ ಇದ್ದರೆ, ಅದು ಹಳೆಯ ಮರೆವಲ್ಲ; ಸನ್ನಿ ಇರಬಹುದು. ಮೂತ್ರದ ಸೋಂಕು, ನ್ಯುಮೋನಿಯ, ದೇಹದಲ್ಲಿ ನೀರಿನ ಕೊರತೆ, ಮಲಬದ್ಧತೆ, ರಕ್ತದಲ್ಲಿ ಸಕ್ಕರೆಯ ಇಳಿತ, ಹೊಸ ಮಾತ್ರೆಯೊಂದರ ಪರಿಣಾಮ, ಬಿದ್ದು ಮುರಿದ ಸೊಂಟದ ಮೂಳೆ—ಇವುಗಳಲ್ಲಿ ಯಾವುದೂ ಅದಕ್ಕೆ ಕಾರಣವಾಗಬಹುದು. ಸೋಂಕಿದ್ದರೂ ವೃದ್ಧರಿಗೆ ಜ್ವರವೇ ಬಾರದಿರುವುದುಂಟು. ಕಾರಣ ತಿಳಿದರೆ ಚಿಕಿತ್ಸೆಯುಂಟು. ‘ವಯಸ್ಸಾಯಿತು’ ಎಂದು ಸುಮ್ಮನಿದ್ದರೆ ಪ್ರಾಣಕ್ಕೇ ಅಪಾಯ.

ನಂಜನಗೂಡು, ತಿರುಮಕೂಡಲು ನರಸೀಪುರ ಎರಡರಲ್ಲಿಯೂ ತಾಲ್ಲೂಕು ಆಸ್ಪತ್ರೆಗಳಿವೆ. ಕಾಯಿಲೆ ಕೈಮೀರಿದರೆ ರೋಗಿಯನ್ನು 108ರ ವಾಹನದಲ್ಲಿ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ, ಎಂದರೆ ಜನರ ಬಾಯಲ್ಲಿನ ‘ದೊಡ್ಡಾಸ್ಪತ್ರೆ’ಗೆ, ಒಯ್ಯಬೇಕಾಗಬಹುದು. ಅಲ್ಲಿ ಎಲ್ಲರೂ ಹೊಸಬರು. ಆದುದರಿಂದ ಮನೆಯಲ್ಲಿ ಒಂದು ಚೀಟಿ ಮೊದಲೇ ಸಿದ್ಧವಿರಲಿ. ಹೆಸರು, ವಯಸ್ಸು, ಇರುವ ಕಾಯಿಲೆಗಳು, ಸೇವಿಸುವ ಮಾತ್ರೆಗಳು ಮತ್ತು ಅವುಗಳ ಪ್ರಮಾಣ, ಒಗ್ಗದ ಔಷಧಿ, ಆರೋಗ್ಯವಾಗಿರುವಾಗ ತಾವೇ ಮಾಡಿಕೊಳ್ಳುವ ಕೆಲಸಗಳು, ಮನೆಯವರ ದೂರವಾಣಿ ಸಂಖ್ಯೆ—ಇಷ್ಟಿದ್ದರೆ ಸಾಕು. ಕನ್ನಡಕ, ಕಿವಿಯ ಯಂತ್ರಗಳನ್ನು ಮರೆಯದೆ ಒಯ್ಯಿರಿ. ಕಾಣದ, ಕೇಳದ ವೃದ್ಧರ ಗಾಬರಿ ಇಮ್ಮಡಿಯಾಗುತ್ತದೆ.

ತುರ್ತು ಚಿಕಿತ್ಸಾ ವಿಭಾಗದ ಬೆಳಕು, ಗದ್ದಲ, ಅಪರಿಚಿತ ಕೈಗಳು ಅವರನ್ನು ಇನ್ನಷ್ಟು ಕಂಗೆಡಿಸುತ್ತವೆ. ಪರಿಚಿತರೊಬ್ಬರು ಪಕ್ಕದಲ್ಲಿ ಕುಳಿತು, ಕೈಹಿಡಿದು, ಒಮ್ಮೆಗೆ ಒಂದೇ ಮಾತನ್ನು ಮೆಲ್ಲಗೆ ಹೇಳಬೇಕು. ಸೂಜಿಯ ಕೊಳವೆಯನ್ನು ಕಿತ್ತೆಸೆದರೆ ಅದು ಹಟವಲ್ಲ, ಭಯ. ಕೈ ಕಟ್ಟುವುದಕ್ಕೂ ನಿದ್ರೆಯ ಚುಚ್ಚುಮದ್ದಿಗೂ ಮುಂಚೆ ನೋವಿದೆಯೆ, ಬಾಯಾರಿದೆಯೆ, ಮೂತ್ರ ಕಟ್ಟಿದೆಯೆ ಎಂದು ನೋಡಲು ಕೇಳಿಕೊಳ್ಳಿರಿ. ಹುಬ್ಬುಗಂಟು, ನರಳಿಕೆಗಳೇ ಅವರ ಪಾಲಿಗೆ ಮಾತು.

‘ಎಂದಿನಿಂದ ಹೀಗೆ?’ ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ. ಯಂತ್ರಗಳಾವುವೂ ಅದಕ್ಕೆ ಉತ್ತರ ಹೇಳಲಾರವು. ಹೇಳಬಲ್ಲವರು ದಿನವೂ ಜತೆಯಲ್ಲಿದ್ದು ಕಂಡ ಮನೆಯವರು ಮಾತ್ರ.